ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಶಾಲಾ ಶಿಕ್ಷಣದ ಸುಧಾರಣೆ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ಕರ್ನಾಟಕದ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಮೂರು ನೆರೆಹೊರೆಯ ತಾಲ್ಲೂಕುಗಳು. ಮೂರೂ ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು, ಶಾಲಾ ಆಡಳಿತದಲ್ಲಿ ಪ್ರತ್ಯೇಕ ಶೈಕ್ಷಣಿಕ ವಲಯಗಳಾಗಿವೆ. ಪ್ರತಿ ವಲಯಕ್ಕೂ ಒಬ್ಬ ಕ್ಷೇತ್ರ ಶಿಕ್ಷಣಾಧಿಕಾರಿ ಇರುತ್ತಾರೆ. ಈ ಪ್ರದೇಶದ ಶಿಕ್ಷಣ ಸುಧಾರಣೆಯ ಇತಿಹಾಸವು ಬಹುಮಟ್ಟಿಗೆ ಸಣ್ಣ ಸರ್ಕಾರಿ ಪ್ರಾಥಮಿಕ ಶಾಲೆಗಳ ಇತಿಹಾಸವಾಗಿದೆ. ಮಕ್ಕಳ ಮನೆಯ ಹತ್ತಿರಕ್ಕೆ ಶಾಲೆಯನ್ನು ಒಯ್ಯುವುದು ಇಪ್ಪತ್ತನೆಯ ಶತಮಾನದ ಗುರಿಯಾಗಿತ್ತು. ಹಾಗೆ ಒಯ್ದ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆಯಾದಾಗ ಅವುಗಳನ್ನು ಉಳಿಸಬೇಕೆ, ವಿಲೀನಗೊಳಿಸಬೇಕೆ ಎಂಬುದು ಇಪ್ಪತ್ತೊಂದನೆಯ ಶತಮಾನದ ಪ್ರಶ್ನೆಯಾಗಿದೆ.

ಭೂಸ್ವರೂಪ ಮತ್ತು ಜನವಸತಿ

ತುಂಗಾ ನದಿಯು ಶೃಂಗೇರಿ ಹಾಗೂ ಕೊಪ್ಪ ತಾಲ್ಲೂಕಿನ ಹರಿಹರಪುರದ ಮೂಲಕವೂ, ಭದ್ರಾ ನದಿಯು ಬಾಳೆಹೊನ್ನೂರಿನ ಮೂಲಕವೂ ಹರಿಯುತ್ತದೆ. ನರಸಿಂಹರಾಜಪುರ ಪಟ್ಟಣವು ಭದ್ರಾ ಜಲಾಶಯದ ಹಿನ್ನೀರಿನ ಸಮೀಪದಲ್ಲಿದೆ. ಶೃಂಗೇರಿ ತಾಲ್ಲೂಕಿನಲ್ಲಿ ವಾರ್ಷಿಕ ಮಳೆ 3,000 ಮಿ.ಮೀ. ಮೀರುತ್ತದೆ. ಮಳೆಯ ದೇವರೆಂದು ಪ್ರಸಿದ್ಧನಾದ ಋಷ್ಯಶೃಂಗನ ದೇವಾಲಯವಿರುವ ಕಿಗ್ಗಾ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು.

ಇದೇ ಜಿಲ್ಲೆಯ ಬಯಲುಸೀಮೆ ತಾಲ್ಲೂಕಾದ ಕಡೂರಿನಲ್ಲಿ ಊರೆಂದರೆ ಒತ್ತಾಗಿ ಕಟ್ಟಿದ ಮನೆಗಳ ಗುಂಪು. ಮಲೆನಾಡಿನಲ್ಲಿ ಹಾಗಲ್ಲ. ಅಡಿಕೆ ತೋಟ, ಗದ್ದೆ ಮತ್ತು ಕಾಡುಗಳ ನಡುವೆ ಒಂಟಿಮನೆಗಳು ಚದುರಿಕೊಂಡಿದ್ದು, ಒಂದೇ ಗ್ರಾಮ ಹಲವು ಗುಡ್ಡಗಳ ಮೇಲೆ ಹರಡಿಕೊಂಡಿರುತ್ತದೆ. ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಕಾರ್ಮಿಕ ಕುಟುಂಬಗಳು ವಾಸಿಸುತ್ತವೆ. ಕಾಡಿನಂಚಿನಲ್ಲಿ ಗೌಡಲು, ಹಸಲರು ಮುಂತಾದ ಬುಡಕಟ್ಟು ಸಮುದಾಯಗಳ ಹಾಡಿಗಳಿವೆ. ಇಂತಹ ವಸತಿಗೆ ದೊಡ್ಡ ಶಾಲೆಯೊಂದನ್ನು ಎಲ್ಲಿ ಕಟ್ಟಿದರೂ ಅದು ಬಹುಪಾಲು ಮಕ್ಕಳಿಗೆ ದೂರವೇ ಆಗುತ್ತದೆ. ಶಿಕ್ಷಣ ಇಲಾಖೆಯ ಕೋಷ್ಟಕದಲ್ಲಿ ಒಂದು ಕಿಲೋಮೀಟರ್ ಎಂದಿರುವ ದಾರಿಯಲ್ಲಿ ಎರಡು ಹಳ್ಳ ಮತ್ತು ಒಂದು ಏರು ಇರಬಹುದು.

ಇತಿಹಾಸ

ಸರ್ಕಾರಿ ಶಾಲೆಗಳು ಬರುವ ಮುನ್ನ ಕನ್ನಡನಾಡಿನ ಇತರೆಡೆಗಳಂತೆ ಇಲ್ಲಿಯೂ ಅಕ್ಷರಾಭ್ಯಾಸ ನಡೆಯುತ್ತಿದ್ದುದು ಕೂಲಿಮಠಗಳಲ್ಲಿ ಮತ್ತು ಅನುಕೂಲಸ್ಥರ ಮನೆಗಳಲ್ಲಿ. ಐಗಳೆಂದು ಕರೆಯಲಾಗುತ್ತಿದ್ದ ಉಪಾಧ್ಯಾಯರು ಮಕ್ಕಳಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಜನಿಸಿದ ಕುವೆಂಪು ಅವರು ತಂದೆಯ ಊರಾದ ಕುಪ್ಪಳಿಯಲ್ಲಿ, ದಕ್ಷಿಣ ಕನ್ನಡದಿಂದ ಬಂದಿದ್ದ ಉಪಾಧ್ಯಾಯರೊಬ್ಬರಿಂದ ಮನೆಯಲ್ಲಿಯೇ ಮೊದಲ ಪಾಠ ಕಲಿತರು. ಬಳಿಕ ಅವರು ತೀರ್ಥಹಳ್ಳಿಯ ಶಾಲೆಗೂ, ಅಲ್ಲಿಂದ ಮೈಸೂರಿಗೂ ತೆರಳಿದರು. ಮನೆಗೆ ಉಪಾಧ್ಯಾಯರನ್ನು ಕರೆಸುವ ಶಕ್ತಿ ಇಲ್ಲದ ಒಕ್ಕಲು ಹಾಗೂ ಕೂಲಿ ಕುಟುಂಬಗಳ ಮಕ್ಕಳಿಗೆ ಆ ಅವಕಾಶವೂ ಇರಲಿಲ್ಲ.

ಶೃಂಗೇರಿಯಲ್ಲಿ ಶಾರದಾ ಪೀಠದ ಆಶ್ರಯದಲ್ಲಿ ಶಾಸ್ತ್ರಾಧ್ಯಯನದ ಪರಂಪರೆ ಬೇರೆಯಾಗಿಯೇ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ಲಿ ಸದ್ವಿದ್ಯಾ ಸಂಜೀವಿನೀ ಸಂಸ್ಕೃತ ಪಾಠಶಾಲೆ ಸ್ಥಾಪನೆಯಾಯಿತು. 1992ರಲ್ಲಿ ರಾಷ್ಟ್ರೀಯ ಸಂಸ್ಕೃತ ಸಂಸ್ಥಾನದ ರಾಜೀವ್ ಗಾಂಧಿ ಪರಿಸರ ಆರಂಭವಾಯಿತು. 2020ರಿಂದ ಇದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಭಾಗವಾಗಿದೆ. ದೂರದ ರಾಜ್ಯಗಳಿಂದ ವಿದ್ಯಾರ್ಥಿಗಳು ಬರುವ ವಿದ್ಯಾಕೇಂದ್ರವೂ, ಪಕ್ಕದ ಶಾಲೆಗೆ ಹೋಗಲು ಹಳ್ಳ ದಾಟಬೇಕಾದ ಮಕ್ಕಳೂ ಒಂದೇ ತಾಲ್ಲೂಕಿನಲ್ಲಿರುವುದು ಇಲ್ಲಿನ ವಿಶೇಷ.

ಮೈಸೂರು ಸಂಸ್ಥಾನವು 1913ರಲ್ಲಿ ಪ್ರಾಥಮಿಕ ಶಿಕ್ಷಣ ನಿಯಮವನ್ನು ಜಾರಿಗೆ ತಂದು, ಆಯ್ದ ಪ್ರದೇಶಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಅವಕಾಶ ಕಲ್ಪಿಸಿತು. ಆಗ ಈ ಪ್ರದೇಶ ಕಡೂರು ಜಿಲ್ಲೆಗೆ ಸೇರಿತ್ತು. ಎಡೇಹಳ್ಳಿಯು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ ನರಸಿಂಹರಾಜಪುರವೆಂದು ಕರೆಯಲ್ಪಟ್ಟುದು ಸಂಸ್ಥಾನದ ಕಾಲದಲ್ಲಿಯೇ. ಸ್ವಾತಂತ್ರ್ಯಾನಂತರ ಒಳಗ್ರಾಮಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆಗಳು ಹೆಚ್ಚಿದವು. 2011ರ ಜನಗಣತಿಯ ಪ್ರಕಾರ ಚಿಕ್ಕಮಗಳೂರು ಜಿಲ್ಲೆಯ ಸಾಕ್ಷರತೆ ಶೇ. 79.25 ಇದ್ದು, ರಾಜ್ಯದ ಸರಾಸರಿಯಾದ ಶೇ. 75.36ಕ್ಕಿಂತ ಹೆಚ್ಚಿತ್ತು.

ಶಾಲೆಯ ದಾರಿ

ಜೂನ್‌ನಲ್ಲಿ ಶಾಲೆ ಆರಂಭವಾಗುವ ಹೊತ್ತಿಗೆ ಮುಂಗಾರೂ ಆರಂಭವಾಗುತ್ತದೆ. ಹಳ್ಳಗಳನ್ನು ದಾಟಲು ಅಡಿಕೆ ಮರ ಅಥವಾ ಕಾಡುಮರದ ದಿಮ್ಮಿಗಳಿಂದ ಕಟ್ಟಿಕೊಂಡ ಕಾಲುಸಂಕಗಳೇ ಅನೇಕ ಕಡೆ ಆಧಾರ. ಮಳೆಗೆ ನೆನೆದು ಪಾಚಿಗಟ್ಟುವ ಈ ಸಂಕಗಳು ಸಣ್ಣ ಮಕ್ಕಳಿಗೆ ಅಪಾಯಕಾರಿ. ಮಲೆನಾಡು ಮತ್ತು ಕರಾವಳಿಯಲ್ಲಿ ಇವುಗಳ ಬದಲಿಗೆ ಕಾಂಕ್ರೀಟ್ ಕಿರುಸೇತುವೆ ನಿರ್ಮಿಸಲು ಸರ್ಕಾರವು ಲೋಕೋಪಯೋಗಿ ಇಲಾಖೆಯ ಮೂಲಕ ‘ಶಾಲಾ ಸಂಪರ್ಕ ಸೇತು’ ಯೋಜನೆಯನ್ನು ಕೈಗೊಂಡಿತು. ಭಾರೀ ಮಳೆಯ ದಿನಗಳಲ್ಲಿ ಶಾಲೆಗಳಿಗೆ ರಜೆ ಘೋಷಿಸಿ, ನಷ್ಟವಾದ ಬೋಧನಾ ಅವಧಿಯನ್ನು ಬಳಿಕ ಸರಿದೂಗಿಸಲಾಗುತ್ತದೆ.

2006–07ರಲ್ಲಿ ಆರಂಭವಾದ ಎಂಟನೆಯ ತರಗತಿ ಮಕ್ಕಳ ಉಚಿತ ಸೈಕಲ್ ಯೋಜನೆ ಬಯಲುಸೀಮೆಗೆ ಒಪ್ಪಿದಂತೆ ಏರುತಗ್ಗಿನ ಮಲೆನಾಡಿಗೆ ಒಪ್ಪಲಿಲ್ಲ. 2003ರ ವೇಳೆಗೆ ರಾಜ್ಯದಾದ್ಯಂತ ವಿಸ್ತರಿಸಿದ ಅಕ್ಷರ ದಾಸೋಹದ ಬಿಸಿಯೂಟ ಮತ್ತು 2013ರ ಕ್ಷೀರಭಾಗ್ಯ ಯೋಜನೆಯಿಂದ ಇಲ್ಲಿನ ಮಕ್ಕಳಿಗೆ ಆದ ಪ್ರಯೋಜನ ಹೆಚ್ಚು ನೇರವಾದುದು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ಬರುವುದು ಇಲ್ಲಿ ಹಲವರಿಗೆ ಸಾಧ್ಯವಿರಲಿಲ್ಲ.

ನಲಿಕಲಿ ಮತ್ತು ಬಹುವರ್ಗ ಬೋಧನೆ

ಹತ್ತು ಹದಿನೈದು ಮಕ್ಕಳಿರುವ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸಬೇಕಾಗುತ್ತದೆ. ಇದನ್ನು ಕೊರತೆಯೆಂದು ನೋಡದೆ ಬೋಧನಾ ವಿಧಾನವನ್ನಾಗಿ ರೂಪಿಸಿದ್ದು ನಲಿಕಲಿ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಮಾದರಿಯನ್ನು ಅಧ್ಯಯನ ಮಾಡಿದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದನ್ನು ಆರಂಭಿಸಿದರು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೂ, ನಂತರ ಮೂರನೆಯ ತರಗತಿಗೂ ಇದು ವಿಸ್ತರಿಸಿತು.

ಈ ಪದ್ಧತಿಯಲ್ಲಿ ಪಾಠಗಳನ್ನು ಸಣ್ಣ ಸಣ್ಣ ಮೈಲುಗಲ್ಲುಗಳಾಗಿ ವಿಂಗಡಿಸಿ ಕಲಿಕಾ ಏಣಿಯಲ್ಲಿ ಜೋಡಿಸಲಾಗಿರುತ್ತದೆ. ಮಗು ತನ್ನ ಮೆಟ್ಟಿಲಿಗೆ ತಕ್ಕ ಕಾರ್ಡನ್ನು ತೆಗೆದುಕೊಂಡು, ಶಿಕ್ಷಕರ ಬೆಂಬಲವಿರುವ ತಟ್ಟೆಯಲ್ಲಿಯೋ ಸಹಪಾಠಿಗಳ ಬೆಂಬಲವಿರುವ ತಟ್ಟೆಯಲ್ಲಿಯೋ ಸ್ವಕಲಿಕೆಯ ತಟ್ಟೆಯಲ್ಲಿಯೋ ಕುಳಿತು ಕಲಿಯುತ್ತದೆ. ತಲೆಯ ಮೇಲಿನ ಚಪ್ಪರದಲ್ಲಿ ಮಕ್ಕಳ ಚಿತ್ರ, ಕರಕುಶಲ ವಸ್ತುಗಳು ತೂಗುತ್ತವೆ. ಗೋಡೆಯ ಕೆಳಭಾಗದ ಹಲಗೆ ಮಕ್ಕಳ ಬರವಣಿಗೆಗೆ ಮೀಸಲು. ಮಳೆಗೆ ಅಥವಾ ಕಾಫಿ ಕೊಯ್ಲಿನ ಕಾಲಕ್ಕೆ ಕೆಲದಿನ ಶಾಲೆ ತಪ್ಪಿದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯಬಹುದಾದ್ದರಿಂದ, ಮಲೆನಾಡಿನ ಮಟ್ಟಿಗೆ ಇದು ವಿಶೇಷವಾಗಿ ಹೊಂದುವ ಪದ್ಧತಿ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ 1970ರ ದಶಕದ ಮಧ್ಯದಲ್ಲಿ ಆರಂಭವಾದ ‘ಎಸ್ಕ್ವೇಲಾ ನ್ಯೂವಾ’ ಎಂಬ ಬಹುವರ್ಗ ಶಾಲಾ ಚಳವಳಿಯೂ ಅಲ್ಲಿನ ಕಾಫಿ ಬೆಳೆಯುವ ಗುಡ್ಡಗಾಡಿನಲ್ಲಿ ಚೆನ್ನಾಗಿ ಬೇರೂರಿತು. ಆದರೆ ನಲಿಕಲಿ ಮೂರನೆಯ ತರಗತಿಗೆ ನಿಲ್ಲುತ್ತದೆ. ನಾಲ್ಕು ಮತ್ತು ಐದನೆಯ ತರಗತಿಯ ಪಠ್ಯಪುಸ್ತಕಗಳು ತರಗತಿಗೊಬ್ಬ ಶಿಕ್ಷಕರಿರುವರೆಂಬ ಊಹೆಯ ಮೇಲೆಯೇ ರಚಿತವಾಗಿವೆ.

ವಿದ್ಯಾಗಮ

ಕೋವಿಡ್ ಕಾರಣದಿಂದ 2020ರಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲ್ ಸಂಕೇತ ದುರ್ಬಲವಾಗಿದ್ದ ಮಲೆನಾಡಿನ ಒಳಗ್ರಾಮಗಳಲ್ಲಿ ಆನ್‌ಲೈನ್ ಪಾಠ ಕಷ್ಟವಾಯಿತು. ಸಂಕೇತ ಸಿಗುವ ಗುಡ್ಡದ ನೆತ್ತಿಯನ್ನು ಹುಡುಕಿ ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಜಗಲಿ, ದೇವಾಲಯದ ಅಂಗಳ, ಮರದ ನೆರಳುಗಳಲ್ಲಿ ಕಲಿಸಿದರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಇದು ಸ್ಥಗಿತಗೊಂಡು, 2021ರ ಜನವರಿಯಲ್ಲಿ ಮತ್ತೆ ನಡೆಯಿತು.

ದಾಖಲಾತಿ ಕುಸಿತ ಮತ್ತು ವಿಲೀನ

ಕುಟುಂಬಗಳು ಚಿಕ್ಕದಾದುದು, ಯುವಜನರು ಉದ್ಯೋಗಕ್ಕಾಗಿ ಬೆಂಗಳೂರಿನಂತಹ ನಗರಗಳಿಗೆ ವಲಸೆ ಹೋದುದು ಹಾಗೂ ಪಟ್ಟಣಗಳ ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳ ವಾಹನಗಳು ಹಳ್ಳಿಗಳವರೆಗೂ ಬರುತ್ತಿರುವುದು ಸರ್ಕಾರಿ ಶಾಲೆಗಳ ದಾಖಲಾತಿ ಕುಸಿಯಲು ಮುಖ್ಯ ಕಾರಣಗಳು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ರಾಜ್ಯದ 1994ರ ಭಾಷಾ ನೀತಿಯನ್ನು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ಒಪ್ಪಲಿಲ್ಲ. 2019–20ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯಿತು. ಪೂರ್ವಪ್ರಾಥಮಿಕದಿಂದ ಪದವಿಪೂರ್ವದವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳು ಈ ಸ್ಪರ್ಧೆಗೆ ಸರ್ಕಾರ ನೀಡಿದ ಇನ್ನೊಂದು ಉತ್ತರ.

ದೊಡ್ಡ ಶಾಲೆಯಲ್ಲಿ ವಿಷಯವಾರು ಶಿಕ್ಷಕರು, ಗ್ರಂಥಾಲಯ, ಆಟದ ಮೈದಾನ ಮತ್ತು ಒಂದೇ ವಯಸ್ಸಿನ ಒಡನಾಡಿಗಳು ದೊರೆಯುತ್ತಾರೆ ಎಂಬುದು ವಿಲೀನದ ಪರವಾದ ವಾದ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ತರಗತಿಗೆ ಒಂದೇ ಮಗುವಿರುವ ಶಾಲೆಯಲ್ಲಿ ಕಬಡ್ಡಿ ತಂಡ ಕಟ್ಟಲಾಗದು. ಆದರೆ ವಿಲೀನದಿಂದ ಮೊದಲು ಶಾಲೆ ಕಳೆದುಕೊಳ್ಳುವವರು ವಾಹನದ ಶುಲ್ಕ ಕೊಡಲಾಗದ ಕೂಲಿ ಕಾರ್ಮಿಕರ ಮತ್ತು ಹಾಡಿಗಳ ಮಕ್ಕಳು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರಿರಬೇಕು. ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ, ಎಂಟರವರೆಗಿನ ಶಾಲೆ ಮೂರು ಕಿಲೋಮೀಟರ್ ಒಳಗೆ ಇರಬೇಕು. ಭೂಕುಸಿತ, ಪ್ರವಾಹ, ರಸ್ತೆಯಿಲ್ಲದಿರುವಿಕೆ ಮುಂತಾದ ತೊಂದರೆಗಳಿರುವಲ್ಲಿ ಈ ದೂರವನ್ನು ಇನ್ನೂ ತಗ್ಗಿಸಬೇಕೆಂದು ಕೇಂದ್ರದ ಮಾದರಿ ನಿಯಮಗಳು ಸೂಚಿಸುತ್ತವೆ. ಶಾಲೆ ತೆರೆಯಲಾಗದ ಸಣ್ಣ ವಸತಿಗಳ ಮಕ್ಕಳಿಗೆ ಉಚಿತ ಸಾರಿಗೆ ಅಥವಾ ವಸತಿ ಸೌಲಭ್ಯ ಒದಗಿಸುವುದು ಆ ನಿಯಮಗಳಲ್ಲಿರುವ ಇನ್ನೊಂದು ಮಾರ್ಗ. ಮಳೆಗಾಲದಲ್ಲಿ ವಾಹನವೇ ಇಳಿಯದ ಮಣ್ಣುರಸ್ತೆಗಳಿರುವ ಊರುಗಳಲ್ಲಿ ಸಾರಿಗೆ ಸೌಲಭ್ಯವಿದ್ದರೂ ಮಕ್ಕಳು ಮುಖ್ಯರಸ್ತೆಯವರೆಗೆ ನಡೆದೇ ಬರಬೇಕಾಗುತ್ತದೆ.