ಫೇಸ್‌ಮಾಸ್ಕ್ ಚಿಕಿತ್ಸೆ ಮತ್ತು ಮಕ್ಕಳ ಉಸಿರುದಾರಿ: ಒಂದು ಮರುಪರಿಶೀಲನೆ

ಕೆಳಗಿನ ಬಾಚಿಹಲ್ಲುಗಳು ಮೇಲಿನವುಗಳ ಮುಂದೆ ಬಂದು ಕೂರುವ ದವಡೆದೋಷವನ್ನು ವೈದ್ಯರು ಇಂದಿಗೂ ಎಡ್ವರ್ಡ್ ಆಂಗಲ್ 1899ರಲ್ಲಿ ಮಾಡಿದ ವಿಂಗಡಣೆಯ ಮೂರನೆಯ ವರ್ಗವೆಂದೇ ಗುರುತಿಸುತ್ತಾರೆ. ಮೇಲ್ದವಡೆ ಹಿಂದುಳಿದ ಮಕ್ಕಳಲ್ಲಿ ಹಣೆ, ಗದ್ದಗಳ ಆಸರೆಯ ಫೇಸ್‌ಮಾಸ್ಕ್ ತೊಡಿಸಿ ಆ ದವಡೆಯನ್ನು ಮುಂದಕ್ಕೆಳೆಯಬಹುದು. ಹತ್ತು ವರ್ಷದೊಳಗೆ ಫಲ ಹೆಚ್ಚು. ಇಷ್ಟರ ಬಗ್ಗೆ ತಕರಾರಿಲ್ಲ.

ತಕರಾರಿರುವುದು ಉಸಿರುದಾರಿಯ ವಿಷಯದಲ್ಲಿ. ಈ ಚಿಕಿತ್ಸೆಯಿಂದ ಗಂಟಲಿನ ಮೇಲ್ಭಾಗ ಹಿಗ್ಗುತ್ತದೆಂದು ಕಿಲಿಂಚ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಚಿಕಿತ್ಸೆ ಪಡೆಯದ ಮಕ್ಕಳಿಗೆ ಹೋಲಿಸಿದರೆ ಗಣನೀಯ ವ್ಯತ್ಯಾಸವಿಲ್ಲವೆಂದು ಬಾಚೆತ್ತಿ ತಂಡ 2010ರಲ್ಲಿ ಹೇಳಿತು. ಎರಡೂ ಸೆಫಲೋಗ್ರಾಮನ್ನು, ಅಂದರೆ ತಲೆಯ ಪಕ್ಕದ ಎಕ್ಸ್-ರೇಯನ್ನು, ಆಧರಿಸಿದ ಅಧ್ಯಯನಗಳು. ಮೆಕ್‌ನಮಾರ 1984ರಲ್ಲಿ ಸೂಚಿಸಿದ ಅಳತೆಯನ್ನೇ ನೋಡಿ: ಕಿರುನಾಲಗೆಯತ್ತ ಇಳಿಯುವ ಮೆದು ಅಂಗುಳಿನ ಹಿಂಬದಿಯಿಂದ ಗಂಟಲಿನ ಹಿಂಗೋಡೆಗೆ ಎಳೆದ ಅತಿ ಚಿಕ್ಕ ಗೆರೆ. ಚಿತ್ರ ತೆಗೆಯುವ ಗಳಿಗೆಯಲ್ಲಿ ಮಗು ಎಂಜಲು ನುಂಗಿದರೆ, ಗದ್ದ ತುಸು ಎತ್ತಿದರೆ ಆ ಗೆರೆ ಬದಲಾಗುತ್ತದೆ. ಅಡ್ಡಗಲವಂತೂ ಅದರಲ್ಲಿ ಕಾಣುವುದೇ ಇಲ್ಲ. ಜೊತೆಗೆ, ಅದೇ ಹಿಂಗೋಡೆಯಲ್ಲಿರುವ ಅಡಿನಾಯ್ಡ್ ಎಂಬ ಅಂಗಾಂಶ ಬಾಲ್ಯದಲ್ಲಿ ಉಬ್ಬಿ, ಬೆಳೆದಂತೆ ತಾನಾಗಿಯೇ ಕುಗ್ಗುತ್ತದೆ. ಹೋಲಿಕೆಯ ಗುಂಪಿಲ್ಲದೆ ಹಿಗ್ಗಿದ್ದನ್ನೆಲ್ಲ ಚಿಕಿತ್ಸೆಯ ಲೆಕ್ಕಕ್ಕೆ ಬರೆಯುವುದು ಒಪ್ಪತಕ್ಕದ್ದಲ್ಲ.

ನನ್ನ ವಾದ ಇದು: ಹಿಗ್ಗುವುದಿದ್ದರೆ ಮೂಗಿನ ಹಿಂದಿನ ಭಾಗ ಹಿಗ್ಗೀತು, ನಾಲಗೆಯ ಹಿಂದಿನ ಭಾಗ ಹಿಗ್ಗುತ್ತದೆಂದು ನಿರೀಕ್ಷಿಸಲು ಅಂಗರಚನೆಯಲ್ಲಿ ಕಾರಣ ಕಾಣದು. ಮೇಲ್ದವಡೆ ಮುಂದೆ ಸರಿದರೆ ಅದಕ್ಕಂಟಿದ ಮೆದು ಅಂಗುಳೂ ಒಂದಿಷ್ಟು ಸರಿಯಬಹುದು. ನಾಲಗೆ ಅಂಟಿರುವುದು ಕೆಳದವಡೆಗೆ. ಫೇಸ್‌ಮಾಸ್ಕ್ ಮೇಲ್ದವಡೆಯನ್ನು ಎಳೆಯುವಾಗ ಗದ್ದವನ್ನು ಒತ್ತುತ್ತದೆ. ಕೆಳದವಡೆ ಕೆಳಕ್ಕೂ ಹಿಂದಕ್ಕೂ ತಿರುಗುತ್ತದೆ. ಹಾಗಾದಾಗ ನಾಲಗೆಯ ಬುಡವೂ ಹಿಂದೆ ಸರಿಯುವ ಸಂಭವವಿದೆ. ಸಂಭವ ಎಂದಷ್ಟೇ ಹೇಳುತ್ತೇನೆ: ನಾಲಗೆ ತನ್ನ ನಿಲುವನ್ನು ಹೊಂದಿಸಿಕೊಳ್ಳಬಲ್ಲದು, ಫೇಸ್‌ಮಾಸ್ಕಿನ ಜೊತೆಗೆ ಅಂಗುಳನ್ನೂ ಅಗಲಿಸಿದ್ದರೆ ಅಲ್ಲಿ ಅದಕ್ಕೆ ಹೆಚ್ಚು ಜಾಗ ಸಿಕ್ಕೀತು, ತಿರುಗುವಿಕೆಯ ಪ್ರಮಾಣವೂ ಮಗುವಿನಿಂದ ಮಗುವಿಗೆ ಬೇರೆ. ಆದರೂ ಎರಡು ಭಾಗಗಳನ್ನು ಒಂದೇ 'ಉಸಿರುದಾರಿ'ಯಾಗಿ ಕೂಡಿಸಿ ಸರಾಸರಿ ತೆಗೆದರೆ ಮೇಲಿನ ಲಾಭ, ಕೆಳಗಿನ ನಷ್ಟ ಎರಡೂ ಮರೆಯಾಗುತ್ತವೆ.

ಗೊರಕೆ ಹೊಡೆಯುವ ಮಗುವಿನ ತಂದೆತಾಯಿಗೆ 'ಹಲ್ಲು ಸರಿಮಾಡಿದರೆ ಉಸಿರೂ ಸರಿಹೋಗುತ್ತದೆ' ಎಂದು ಭರವಸೆ ಕೊಡುವಷ್ಟು ಆಧಾರ ಈ ಅಳತೆಗಳಲ್ಲಿಲ್ಲ. ನಿದ್ರೆಯ ಉಸಿರುಕಟ್ಟನ್ನು ಖಚಿತಪಡಿಸಲು ರಾತ್ರಿಯಿಡೀ ನಡೆಸುವ ಪಾಲಿಸೋಮ್ನೋಗ್ರಫಿಯೇ ಬೇಕು. ಸಿಬಿಸಿಟಿ, ಅಂದರೆ ಕೋನ್-ಬೀಮ್ ಸಿಟಿ ಸ್ಕ್ಯಾನ್, ಮೂರು ಆಯಾಮದ ಚಿತ್ರ ಕೊಡುತ್ತದಾದರೂ ಅದು ಎಚ್ಚರದ ಮಗುವಿನ ಗಂಟಲು. ಮೇಲಿನ ಭಾಗದಲ್ಲಿ ದೊರೆತ ಹಿಗ್ಗು, ಅಡಿನಾಯ್ಡ್ ಕುಗ್ಗಿದ ಮೇಲೂ ಚಿಕಿತ್ಸೆ ಪಡೆಯದವರಿಗಿಂತ ಹೆಚ್ಚಾಗಿ ಉಳಿಯುತ್ತದೆಯೇ, ಉಳಿದರೆ ನಿದ್ರೆಯಲ್ಲಿ ಅದರ ಫಲವೇನು ಎಂಬುದು ಇನ್ನೂ ಇತ್ಯರ್ಥವಾಗಬೇಕಿದೆ.