ಐಜೆಮ್
ಜೀನ್‌ಗಳನ್ನು ಬಿಡಿಭಾಗಗಳಂತೆ ಜೋಡಿಸಿ ಜೀವಿಗಳಿಗೆ ಹೊಸ ಕೆಲಸ ಕಲಿಸುವ ಸಂಶ್ಲೇಷಿತ ಜೀವವಿಜ್ಞಾನದ ವಿದ್ಯಾರ್ಥಿ ತಂಡಗಳನ್ನು ಜಗತ್ತಿನಾದ್ಯಂತ ಬೆಸೆದಿರುವ ವಾರ್ಷಿಕ ಸ್ಪರ್ಧೆ ಹಾಗೂ ಸಮಾವೇಶ. ‘ಇಂಟರ್‌ನ್ಯಾಷನಲ್ ಜೆನೆಟಿಕಲಿ ಎಂಜಿನಿಯರ್ಡ್ ಮಷೀನ್’ ಎಂಬ ಉದ್ದ ಹೆಸರಿನ ಹ್ರಸ್ವರೂಪ.

ಇದು ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ. 2003ರ ಜನವರಿಯಲ್ಲಿ, ಎರಡು ಸೆಮಿಸ್ಟರ್‌ಗಳ ನಡುವಿನ ಬಿಡುವಿನಲ್ಲಿ, ಟಾಮ್ ನೈಟ್, ಡ್ರೂ ಎಂಡಿ, ರ್‍ಯಾಂಡಿ ರೆಟ್‌ಬರ್ಗ್ ಮೊದಲಾದವರು ಕಿರು ಕೋರ್ಸ್ ಒಂದನ್ನು ನಡೆಸಿದರು. ಬ್ಯಾಕ್ಟೀರಿಯಾ ಮಿಂಚುಹುಳದ ಹಾಗೆ ಮಿನುಗಿ ಆರುವಂತೆ ಜೀನ್‌ಗಳನ್ನು ಜೋಡಿಸಬೇಕು ಎಂಬುದು ವಿದ್ಯಾರ್ಥಿಗಳಿಗೆ ಕೊಟ್ಟ ಕೆಲಸ. ಮರುವರ್ಷ ಅಮೆರಿಕದ ಐದು ವಿದ್ಯಾಸಂಸ್ಥೆಗಳ ನಡುವೆ ಸ್ಪರ್ಧೆ ನಡೆಯಿತು. ಆಗ ಟೆಕ್ಸಾಸ್‌ನ ತಂಡ ಬೆಳಕಿಗೆ ಸ್ಪಂದಿಸುವ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಹರಡಿ, ಫೋಟೊ ಫಿಲ್ಮಿನಂತೆ ಬಳಸಿತು. 2005ರಲ್ಲಿ ಕೇಂಬ್ರಿಜ್, ಜ್ಯೂರಿಕ್, ಟೊರಾಂಟೊಗಳಿಂದಲೂ ವಿದ್ಯಾರ್ಥಿಗಳು ಬಂದು ತಂಡಗಳ ಸಂಖ್ಯೆ 13ಕ್ಕೇರಿತು. ಹೆಸರಿನ ‘ಇಂಟರ್‌ನ್ಯಾಷನಲ್’ ನಿಜವಾದದ್ದು ಆಗಲೇ.

ಸಮಾವೇಶದ ಸಂಭ್ರಮ ಎಲ್ಲರಿಗೂ ಕಾಣುತ್ತದೆ. ಆದರೆ ದೂರದ ತಂಡಗಳನ್ನು ವರ್ಷವಿಡೀ ಹಿಡಿದಿಟ್ಟದ್ದು ಡಿಎನ್‌ಎ ತುಣುಕುಗಳ ಕೊಡುಕೊಳ್ಳುವಿಕೆ. ನೈಟ್ ರೂಪಿಸಿದ ‘ಬಯೋಬ್ರಿಕ್’ ಪದ್ಧತಿ ಅದಕ್ಕೆ ಆಧಾರ. ಪ್ರತಿ ತುಣುಕಿನ ಎರಡು ತುದಿಗಳಲ್ಲೂ ಗೊತ್ತಾದ ಕಿಣ್ವಗಳು ಕತ್ತರಿಸುವ ಜಾಗಗಳಿರುತ್ತವೆ. ಒಂದನ್ನು ಸ್ಪೀ-1 ಕಿಣ್ವದಿಂದ, ಇನ್ನೊಂದನ್ನು ಎಕ್ಸ್‌ಬಿಎ-1ರಿಂದ ಕತ್ತರಿಸಿದರೆ ಎರಡೂ ಅಂಟಿಕೊಳ್ಳುತ್ತವೆ. ಆ ಬೆಸುಗೆಯನ್ನು ಎರಡೂ ಕಿಣ್ವಗಳು ಮತ್ತೆ ಕತ್ತರಿಸಲಾರವು. ಹೊರತುದಿಗಳು ಮಾತ್ರ ಮೊದಲಿನಂತೆಯೇ ಉಳಿಯುತ್ತವೆ. ಹೀಗೆ ಕೂಡಿದ್ದನ್ನು ಮತ್ತೊಂದಕ್ಕೆ ಕೂಡಿಸುತ್ತ ಹೋಗಬಹುದು. ತಂಡಗಳು ಕೇಂದ್ರ ಭಂಡಾರದಿಂದ ತುಣುಕುಗಳನ್ನು ಪಡೆದು, ತಾವು ಮಾಡಿದ ಹೊಸದನ್ನು ಅಲ್ಲಿಗೇ ಕಳಿಸುತ್ತಿದ್ದವು. ಒಬ್ಬರ ದುಡಿಮೆ ಮುಂದಿನ ವರ್ಷ ಗುರುತು ಪರಿಚಯವಿಲ್ಲದ ಇನ್ನೊಬ್ಬರ ಕೈಗೆ ಸಿಗುತ್ತಿತ್ತು. ಇಷ್ಟು ಉದಾರವಾದ ಏರ್ಪಾಡು ವಿಜ್ಞಾನ ಶಿಕ್ಷಣದಲ್ಲಿ ವಿರಳ.

2006ರ ಅಗ್ರ ಬಹುಮಾನ ಪುಟ್ಟ ಸ್ಲೊವೇನಿಯಾದ ಪಾಲಾಯಿತು. ಅದೇ ವರ್ಷ ಎಡಿನ್‌ಬರೊದ ವಿದ್ಯಾರ್ಥಿಗಳು ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಪತ್ತೆಹಚ್ಚುವ ಬ್ಯಾಕ್ಟೀರಿಯಾ ತಂದರು. 2012ರಲ್ಲಿ ಐಜೆಮ್ ಎಂಐಟಿಯಿಂದ ಬೇರ್ಪಟ್ಟು ಸ್ವತಂತ್ರ ಪ್ರತಿಷ್ಠಾನವಾಯಿತು. 2014ರಲ್ಲಿ ಇನ್ನೂರಕ್ಕೂ ಹೆಚ್ಚು ತಂಡಗಳು ಬಾಸ್ಟನ್ನಿನ ಹೈನ್ಸ್ ಸಭಾಕೇಂದ್ರದಲ್ಲಿ ಸೇರಿದವು. ಕೋವಿಡ್ ಕಾಲದ ಆನ್‌ಲೈನ್ ಕೂಟಗಳ ಬಳಿಕ, 2022ರಿಂದ ಸಮಾವೇಶ ಪ್ಯಾರಿಸ್‌ಗೆ ಹೋಯಿತು. ನೋಂದಣಿ ಶುಲ್ಕವೇ ಸಾವಿರಾರು ಡಾಲರ್. ಅದರ ಮೇಲೆ ವಿಮಾನ, ವಸತಿಯ ವೆಚ್ಚ. ಸಾಮಾನ್ಯ ಪದವಿ ಕಾಲೇಜಿನ ಮಕ್ಕಳಿಗೆ ಈ ಬಾಗಿಲು ಇಂದಿಗೂ ಕಿರಿದು, ಅದು ನೋವಿನ ಸಂಗತಿ.

ಬೆಂಗಳೂರಿನ ಹೆಸರು ಈ ಚರಿತ್ರೆಯಲ್ಲಿ ಬೇಗನೇ ಬರುತ್ತದೆ. ಇಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ತಂಡ 2006ರಲ್ಲೇ ಸ್ಪರ್ಧೆಗೆ ಹೋಗಿತ್ತು. 2009ರಲ್ಲಿ ಸೃಷ್ಟಿ ಕಲಾ ಶಾಲೆಯ ವಿದ್ಯಾರ್ಥಿಗಳು, ಜೀವವಿಜ್ಞಾನ ಓದದವರು, ಎಂಐಟಿಗೆ ಒಂದು ವಾಸನೆಯ ಯೋಜನೆ ಹೊತ್ತು ಹೋದರು. ಮೊದಲ ಮಳೆಗೆ ನೆಲದಿಂದೇಳುವ ಪರಿಮಳಕ್ಕೆ ಜಿಯೋಸ್ಮಿನ್ ಎಂಬ ವಸ್ತು ಕಾರಣ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಅದೇ ಮಣ್ಣಿನ ವಾಸನೆಯನ್ನು ಪ್ರಯೋಗಾಲಯದ ಇ. ಕೋಲಿ ಬ್ಯಾಕ್ಟೀರಿಯಾದಿಂದ ಹೊಮ್ಮಿಸಲು ಅವರು ಹೊರಟಿದ್ದರು.