ಬೇಲಿಯ ಗೌರಿ ಹೂ

ನಮ್ಮ ಜಳಕೋಟ ಕಡೆ ಹೊಲದ ಬೇಲಿಯಲ್ಲಿ ಗೌರಿ ಹೂ ಯಾರೂ ನೆಟ್ಟದ್ದಲ್ಲ. ಮಿರಗದ ಮಳಿ ಬಿದ್ದ ಮೇಲೆ ತಾನೇ ಎದ್ದು, ಎಲೆಯ ತುದಿಯನ್ನೇ ಕೊಕ್ಕೆ ಮಾಡಿಕೊಂಡು ಮುಳ್ಳು ಹಿಡಿದು ಏರುತ್ತಿತ್ತು. ಹೂ ಮೊದಲು ಹಸರು-ಹಳದಿ, ಆಮೇಲೆ ಉರಿಯಂಗ ಕೆಂಪು. ಅದಕ್ಕೇ ಪುಸ್ತಕದಲ್ಲಿ ಅಗ್ನಿಶಿಖೆ ಅಂತಾರ. ಚಳಿಗೆ ಬಳ್ಳಿ ಒಣಗತದ, ಗಡ್ಡೆ ನೆಲದಾಗ ಮಲಗಿ ಮುಂದಿನ ಮಳಿ ಕಾಯತದ.

ಸಂಸ್ಕೃತದಲ್ಲಿ ಲಾಂಗಲಿ. ಲಾಂಗಲ ಅಂದರೆ ನೇಗಿಲು. ಗಡ್ಡೆ ಅಗೆದು ನೋಡ್ರಿ, ಹಂಗೇ ಬಾಗಿರತದ. ಹೆಸರಿಟ್ಟವ ಒಕ್ಕಲಿಗನೇ ಇರಬೇಕು! ಮರಾಠಿಯವರು ಕಳಲಾವಿ ಅಂತಾರ. 1956ರಲ್ಲಿ ಉದಗೀರ, ನಿಲಂಗಾ ತಾಲೂಕುಗಳು ಬೀದರ ಜಿಲ್ಲೆ ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು, 1960ಕ್ಕೆ ಅದು ಮಹಾರಾಷ್ಟ್ರ ಆಯಿತು. ನಾನು ಏಳನೆತ್ತೆ ತನಕ ಮರಾಠಿ ಕಲಿತವ, ಕನ್ನಡ ಅಕ್ಷರ ಭಜನಿ ಪುಸ್ತಕದಿಂದ ಬಂತು. ಆದರೂ ಹೂವಿನ ಎರಡೂ ಹೆಸರು ಗೊತ್ತಿದ್ದವು, ಯಾಕಂದರ ಬೇಲಿ ಇತ್ತು.

ಜೋಳ, ತೊಗರಿ, ಹೆಸರು ಬೆಳೆಯೋ ಕಾಲಕ್ಕೆ ಎತ್ತಿನ ಕುಂಟಿ ಬದುವಿನ ತನಕ ಹೋಗತಿದ್ದಿಲ್ಲ. ಸೋಯಾಬೀನ್ ಬಂತು, ಟ್ರ್ಯಾಕ್ಟರ್ ಬಂತು, ಬದು ಅಡ್ಡ ಅನಿಸಿತು. ಜೆಸಿಬಿ ತರಿಸಿ ಬೇಲಿ ಕಿತ್ತೆವು. ಉಳಿದದ್ದಕ್ಕೆ ಕಳೆನಾಶಕ. ಬೇರೆಯವರ ಮೇಲೆ ಹಾಕೂದಿಲ್ಲ, ನನ್ನ ಹೊಲಕ್ಕ ನಾನೇ ಹೊಡೆದೀನಿ.

ಮುಂದ ಒಂದು ಸಲ ಹುಡುಗಿಯರಿಗೆ ಗೌರಿ ಹಾಡು ಕಲಿಸುವಾಗ ಒಬ್ಬಾಕಿ ಕೇಳಿದಳು: "ಮುತ್ಯಾ, ಗೌರಿ ಹೂ ಅಂದ್ರ ಯಾವುದು?" ತೋರಿಸಲಿಕ್ಕೆ ಬೇಲಿ ಇದ್ದಿಲ್ಲ. ಹಾಡು ಅರ್ಧಕ್ಕೇ ನಿಂತಿತು.

ಹಳ್ಳದ ದಂಡಿ ಹುಡುಕಿ ಎರಡು ಗಡ್ಡೆ ತಂದೆ. ತುದಿಯಲ್ಲೇ ಮೊಳಕೆ, ಅದು ಮುರಿದರ ಆಟ ಮುಗೀತು. ನೀರು ನಿಲ್ಲದ ಜಾಗದಲ್ಲಿ ಅಡ್ಡ ಮಲಗಿಸಿ ಮಣ್ಣು ಮುಚ್ಚಿದೆ. ಸೊಸಿ ಸಿಟ್ಟಾದಳು. ಸಿಟ್ಟು ಖರೇನೇ: ಗಡ್ಡೆ, ಬೀಜ, ಎಲೆ ಎಲ್ಲಾ ವಿಷ, ಗೆಣಸು ಅಂತ ತಿಂದು ಸತ್ತವರಿದ್ದಾರೆ. ಮನ್ಯಾಗ ಸಣ್ಣ ಮೊಮ್ಮಗ. ಅದಕ್ಕ ಹಿತ್ತಲ ಮೂಲಿಗೆ ಒಯ್ದು ಸುತ್ತಲೂ ಮುಳ್ಳು ಕಟ್ಟಿದೆ, ಮುಟ್ಟಿದರ ಕೈ ತೊಳಿತೀನಿ. ಇದೇ ವಿಷದಿಂದ ಕೀಲುಬೇನೆಯ ಔಷಧ ಮಾಡತಾರ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಹೊಲದಾಗೇ ಬೆಳಿತಾರ, ಅಲ್ಲಿ ರಾಜ್ಯದ ಹೂವೂ ಇದೇ.

ಎರಡನೇ ಮಳೆಗಾಲಕ್ಕೆ ಕಪ್ಪು ಮೈಮೇಲೆ ಬಿಳಿ-ಕೆಂಪು ಚುಕ್ಕಿಯ ಹುಳ ಬಂದವು. ಆ ವಿಷದೆಲೆನೇ ಅವಕ್ಕ ಊಟ! ಔಷಧ ಹೊಡಿಲಿಲ್ಲ. ಅರ್ಧ ಎಲೆ ಹೋದವು, ಬಳ್ಳಿ ಸಾಯಲಿಲ್ಲ. ಸೂರಕ್ಕಿ ಬರತಾವ, ಚಿಟ್ಟೆ ಬರತಾವ.

ಈ ಗೌರಿಗೆ ಏಳು ಹೂ. ಹುಡುಗಿಯರನ್ನು ಕರೆದು ತೋರಿಸಿದೆ. ಒಬ್ಬಾಕಿ ವಹಿಯಲ್ಲಿ "ಗೌರಿ ಹೂ" ಅಂತ ಮರಾಠಿ ಅಕ್ಷರದಲ್ಲಿ ಬರಕೊಂಡಳು.